ಟೊಂಕದ ಲೆಕ್ಕ: ಕಂಪ್ಯೂಟರ್ ಮುಂದೆ ಕುಂತವರಿಗೊಂದು ಪಾಠ

ಟೊಂಕ ನೋವು ಯಾರಿಗೆ ಬರಬೇಕು ಅನ್ನೋದಕ್ಕೆ ನಮ್ಮ ಭಾಗದಲ್ಲಿ ಒಂದು ಲೆಕ್ಕ ಇತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ಬರಬೇಕು, ಗೋವಿನಜೋಳದ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವವರಿಗೆ ಬರಬೇಕು, ರಾಣೆಬೆನ್ನೂರಿನಲ್ಲಿ ಹತ್ತಿ ಅಂಡಿಗೆ ಎತ್ತಿ ಇಳಿಸುವವರಿಗೆ ಬರಬೇಕು. ಫ್ಯಾನಿನ ಕೆಳಗೆ ಕೂತು ಕೀಬೋರ್ಡ್ ಒತ್ತುವವರಿಗೆ ಎಲ್ಲಿಂದ ಬರುತ್ತದೆ? ಅದಕ್ಕೇ ನಮ್ಮಂಥವರು ಮನೆಯಲ್ಲಿ "ಟೊಂಕ ಹಿಡದೈತಿ" ಅಂದರೆ "ನೆರಳಾಗ ಕುಂತು ಕೆಲಸ ಮಾಡಾಂವಗ ಎಂಥಾ ಟೊಂಕ ನೋವೋ ತಮ್ಮಾ?" ಅನ್ನೋ ಉತ್ತರ ಬರುತ್ತದೆ. ಕೇಳಿದವರು ತಮಾಷೆಗೇ ಕೇಳಿರಬಹುದು. ಆದರೆ ಹೇಳಿದವನು ಆಮೇಲೆ ಬಾಯಿ ಬಿಡೋದಿಲ್ಲ.

ಈಗ ಕೂತು ದುಡಿಯುವವರು ನಮ್ಮ ಜಿಲ್ಲೆಯಲ್ಲೂ ಕಡಿಮೆ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದೇ ಕಂಪ್ಯೂಟರಿನಲ್ಲಿ. ದಲಾಲಿ ಅಂಗಡಿಯ ಲೆಕ್ಕ ಟ್ಯಾಲಿಗೆ ಹೋಗಿದೆ. ರಾಣೆಬೆನ್ನೂರಿನ ಬೀಜದ ಅಂಗಡಿಗಳ ಬಿಲ್ಲು, ಹಾವೇರಿಯ ಕಚೇರಿಗಳ ಡಾಟಾ ಎಂಟ್ರಿ, ಹಳ್ಳಿಯ ಗ್ರಾಮ ಒನ್ ಕೇಂದ್ರ, ಎಲ್ಲ ಕಡೆ ಒಬ್ಬರು ಸ್ಕ್ರೀನ್ ಮುಂದೆ ಬಗ್ಗಿ ಕೂತಿರುತ್ತಾರೆ. ಇನ್ನು ನಾವು. ನಾಲ್ಕು ವರ್ಷ ಲ್ಯಾಬು, ಪ್ರಾಜೆಕ್ಟು. ಆಮೇಲೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೂವತ್ತು ವರ್ಷ ಅದೇ ಕುರ್ಚಿ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸು ನಡೆಸಿದ ನಮ್ಮ ಸೀನಿಯರುಗಳನ್ನು ಕೇಳಿ ನೋಡಿ, ಟೊಂಕದ ಕಥೆ ಹೇಳದವರು ಕಡಿಮೆ. ಜಗತ್ತಿನ ಲೆಕ್ಕವೂ ಹೀಗೇ ಇದೆ. 2020ರಲ್ಲಿ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು ಎಂಬುದು ಜಾಗತಿಕ ಅಂದಾಜು. ಮನುಷ್ಯನನ್ನು ವರ್ಷಗಟ್ಟಲೆ ಕೈಲಾಗದಂತೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ.

ನಾವು ಎಂಜಿನಿಯರಿಂಗ್ ಓದುವವರು. ಭಾರ, ದೂರ, ಸಮಯ ಇವುಗಳ ಸಂಬಂಧ ನಮಗೆ ಗೊತ್ತು. ಅದನ್ನೇ ನಮ್ಮ ಬೆನ್ನಿಗೆ ಹಚ್ಚಿ ನೋಡೋಣ.

1. ಬೆನ್ನು ಹೇಗೆ ಕಟ್ಟಿದೆ

ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5. ಹೀಗೆ ಅಲುಗಾಡಬಲ್ಲ ಎಲುಬಿನ ಮಣಿಗಳು ಒಟ್ಟು 24. ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ಎಲುಬುಗಳಿವೆ. ಮಣಿಗಳ ನಡುವೆ ಮೆತ್ತನೆಯ ಡಿಸ್ಕುಗಳಿವೆ, ಒಟ್ಟು 23. ಡಿಸ್ಕಿನ ಹೊರಗೆ ಬಿಗಿಯಾದ ನಾರಿನ ಉಂಗುರ, ಒಳಗೆ ನೀರು ತುಂಬಿದ ಜೆಲ್ಲಿ. ಗಾಡಿಯ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸದಲ್ಲಿ ಒಂದಿಷ್ಟು ಪಾಲು ಇದರದು.

ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವೇ ಇಲ್ಲ. ಅದಕ್ಕೆ ಬೇಕಾದ ಪೋಷಣೆ ಪಕ್ಕದ ಎಲುಬಿನಿಂದ ಜಿನುಗಿ ಬರಬೇಕು. ಒತ್ತಿದಾಗ ನೀರು ಹೊರಗೆ, ಬಿಟ್ಟಾಗ ನೀರು ಒಳಗೆ. ಪಾತ್ರೆ ತಿಕ್ಕುವ ಸ್ಪಂಜಿನ ಹಾಗೆ ಅಂದುಕೊಳ್ಳಿ. ಅದಕ್ಕೇ ಬೆಳಿಗ್ಗೆ ಎದ್ದಾಗಿನ ನಮ್ಮ ಎತ್ತರ ರಾತ್ರಿ ಮಲಗುವ ಹೊತ್ತಿಗೆ ಒಂದೆರಡು ಸೆಂಟಿಮೀಟರ್ ಕಡಿಮೆ ಆಗಿರುತ್ತದೆ. ಮಲಗೆದ್ದರೆ ಮತ್ತೆ ಸರಿ. ಅಂದ್ರೆ ಡಿಸ್ಕಿಗೆ ಬೇಕಾದದ್ದು ಒತ್ತಡವೇ ಇಲ್ಲದ ಬದುಕಲ್ಲ, ಬದಲಾಗುತ್ತಿರುವ ಒತ್ತಡ. ಈ ಒಂದು ಮಾತು ನೆನಪಿಟ್ಟರೆ ಮುಂದಿನ ಪಾಠ ಅರ್ಧ ಮುಗಿದಂತೆ.

2. ಭಾರ ಮತ್ತು ದೂರ

60 ಕೆ.ಜಿ. ತೂಕದ ಒಬ್ಬ ವಿದ್ಯಾರ್ಥಿ ಇದ್ದಾನೆ ಅಂದುಕೊಳ್ಳಿ. ಟೊಂಕದ ಮೇಲಿನ ಭಾಗ, ಅಂದ್ರೆ ತಲೆ, ಕೈ, ಎದೆ, ಹೊಟ್ಟೆ ಸೇರಿ ಸುಮಾರು 33 ಕೆ.ಜಿ. ಈ ಭಾರವನ್ನು ಹಿಂದಿನಿಂದ ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯುಗಳು ಡಿಸ್ಕಿನ ನಡುವಿನಿಂದ ಸುಮಾರು 5 ಸೆಂ.ಮೀ. ಹಿಂದೆ ಇವೆ.

ಅವನು ನೆಟ್ಟಗೆ ಕೂತಾಗ ಮೇಲ್ಭಾಗದ ಭಾರಕೇಂದ್ರ ಡಿಸ್ಕಿಗಿಂತ 3 ಸೆಂ.ಮೀ. ಮುಂದಿದೆ ಅನ್ನೋಣ. 33 ಗುಣಿಸು 3, ಭಾಗಿಸು 5. ಸ್ನಾಯು ಎಳೆಯಬೇಕಾದ ಬಲ ಸುಮಾರು 20 ಕೆ.ಜಿ. ಇದಕ್ಕೆ ಮೇಲಿನ 33 ಸೇರಿಸಿದರೆ ಡಿಸ್ಕಿನ ಮೇಲೆ 53 ಕೆ.ಜಿ. ಭಾರ.

ಅವನೇ ಸ್ಕ್ರೀನಿನತ್ತ ಬಗ್ಗಿದ, ಭಾರಕೇಂದ್ರ 15 ಸೆಂ.ಮೀ. ಮುಂದೆ ಹೋಯಿತು. 33 ಗುಣಿಸು 15, ಭಾಗಿಸು 5. ಈಗ ಸ್ನಾಯು 99 ಕೆ.ಜಿ. ಬಲದಿಂದ ಎಳೆಯಬೇಕು. ಡಿಸ್ಕಿನ ಮೇಲೆ ಒಟ್ಟು 132 ಕೆ.ಜಿ. ಒಂದು ಗ್ರಾಂ ಭಾರವನ್ನೂ ಎತ್ತದೆ ಹುಡುಗ ತನ್ನ ಡಿಸ್ಕಿನ ಮೇಲೆ ಎರಡೂವರೆ ಪಟ್ಟು ಭಾರ ಹೇರಿಕೊಂಡ. ಇದು ಸ್ಥೂಲ ಲೆಕ್ಕ. ನಿಜವಾದ ದೇಹದಲ್ಲಿ ಹೊಟ್ಟೆಯ ಒತ್ತಡ, ಬೇರೆ ಸ್ನಾಯುಗಳು, ಅಸ್ಥಿಬಂಧಗಳು ಎಲ್ಲ ಪಾಲು ಹಂಚಿಕೊಳ್ಳುತ್ತವೆ. ಆದರೆ ದಿಕ್ಕು ಇದೇ.

ಇದನ್ನು ಅಳೆದೂ ನೋಡಿದ್ದಾರೆ. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಟೊಂಕದ ಡಿಸ್ಕಿನೊಳಗೆ ಸೆನ್ಸರ್ ಇಟ್ಟು ಒತ್ತಡ ದಾಖಲಿಸಿದರು. ನಿಂತಾಗ 0.5 ಮೆಗಾಪ್ಯಾಸ್ಕಲ್. ಆಸರೆ ಇಲ್ಲದೆ ಆರಾಮಾಗಿ ಕೂತಾಗ 0.46. ಪೂರ್ತಿ ಮುಂದೆ ಬಗ್ಗಿ ಕೂತಾಗ 0.83. ಕುರ್ಚಿಗೆ ಒರಗಿ ಸಡಿಲವಾಗಿ ಕೂತಾಗ ಸುಮಾರು 0.3. ಮಲಗಿದಾಗ 0.1. ಒಬ್ಬನೇ ಮನುಷ್ಯನ ಅಳತೆ ಇದು, ಎಲ್ಲರಿಗೂ ಇದೇ ಸಂಖ್ಯೆ ಬರುವುದಿಲ್ಲ. ಆದರೂ ಇದರಿಂದ ಎರಡು ವಿಷಯ ತಿಳಿಯುತ್ತವೆ. ಕೂರುವುದೇ ವಿಷ ಅನ್ನೋ ಮಾತು ಪೂರ್ತಿ ನಿಜ ಅಲ್ಲ. "ನೆಟ್ಟಗ ಕುಂದ್ರು" ಅಂತ ಬೈಸಿಕೊಂಡು ಕೋಲಿನ ಹಾಗೆ ಕೂರುವುದಕ್ಕಿಂತ ಹಿಂದೆ ಒರಗಿ ಕೂರುವುದೇ ಡಿಸ್ಕಿಗೆ ಹಗುರ.

3. ಸಮಯ

ಹಾಗಾದರೆ ಹಮಾಲನ ಚೀಲದ ಮುಂದೆ ನಮ್ಮ 132 ಕೆ.ಜಿ. ಯಾವ ಲೆಕ್ಕ? ಚೀಲ ಹೊತ್ತಾಗ ಅವನ ಬೆನ್ನಿನ ಮೇಲೆ ಇದರ ಎಷ್ಟೋ ಪಟ್ಟು ಭಾರ ಬೀಳುತ್ತದೆ. ಅವನ ಟೊಂಕಕ್ಕೆ ನೋವಿಲ್ಲ ಅಂತ ಯಾರೂ ಹೇಳುವಂತಿಲ್ಲ. ಆದರೆ ಅವನ ಭಾರ ಬರುತ್ತದೆ, ಹೋಗುತ್ತದೆ. ಚೀಲ ಇಳಿಸಿ ಖಾಲಿ ಕೈಯಲ್ಲಿ ಹಿಂತಿರುಗುವಾಗ ಸ್ನಾಯು ಸಡಿಲಾಗುತ್ತದೆ, ರಕ್ತ ಹರಿಯುತ್ತದೆ. ನಮ್ಮ ಭಾರ ಕಡಿಮೆ, ಆದರೆ ಇಳಿಯೋದೇ ಇಲ್ಲ. ಕೋಡಿಂಗ್ ಮಾಡುತ್ತಾ ಕೂತವನ ಬೆನ್ನು ಒಂದೇ ಬಾಗಿನಲ್ಲಿ ಎರಡು ತಾಸು, ಮೂರು ತಾಸು ಹಾಗೇ ಇರುತ್ತದೆ.

ಮಟೀರಿಯಲ್ಸ್ ಪಾಠದಲ್ಲಿ ಕ್ರೀಪ್ ಓದಿದ್ದೀರಿ. ಒಂದೇ ಭಾರ ಬಹಳ ಹೊತ್ತು ಬಿದ್ದರೆ ವಸ್ತು ನಿಧಾನಕ್ಕೆ ಹಿಗ್ಗುತ್ತಾ ಹೋಗುತ್ತದೆ. ಬೆನ್ನಿನ ಅಸ್ಥಿಬಂಧಗಳೂ, ಡಿಸ್ಕಿನ ನಾರೂ ಹೀಗೆ ಹಿಗ್ಗುತ್ತವೆ. ಇತ್ತ ಸತತವಾಗಿ ಬಿಗಿದುಕೊಂಡ ಸ್ನಾಯು ದಣಿಯುತ್ತದೆ. ಮೂರು ತಾಸು ಕೂತು, ಥಟ್ಟನೆ ಎದ್ದು, ಬಗ್ಗಿ ನೀರಿನ ಕ್ಯಾನು ಎತ್ತಲು ಹೋದಾಗ "ಕಟ್" ಅಂತ ಟೊಂಕ ಹಿಡಿಯೋದು ಇದಕ್ಕೇ. ಬಹಳ ಹೊತ್ತು ಕೂತೆದ್ದ ಮೇಲೆ ಒಂದೆರಡು ನಿಮಿಷ ಓಡಾಡದೆ ಭಾರ ಎತ್ತಬೇಡಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ನೋಡಿದ್ದೀರಲ್ಲ? ಅವರೂ ನಮ್ಮ ಹಾಗೇ ಕೂತು ದುಡಿಯುವವರು. ನೆಲದ ಮೇಲೆ, ಬೆನ್ನು ಬಾಗಿಸಿ, ಕೈ ಮಾತ್ರ ಆಡಿಸುತ್ತಾ, ತಾಸುಗಟ್ಟಲೆ. ಬಿಡಿಸಿದಷ್ಟಕ್ಕೇ ಕೂಲಿ ಆದ್ದರಿಂದ ಎದ್ದು ಓಡಾಡಿದರೆ ದುಡ್ಡು ಕಡಿಮೆ. ಎದ್ದು ಓಡಾಡುವ ಸ್ವಾತಂತ್ರ್ಯ ನಮಗೆ ಇದೆ. ಅದನ್ನು ಬಳಸುತ್ತಿಲ್ಲ, ಅಷ್ಟೇ.

4. ಗಾದಿಯ ಪಾಠ

ಹಳೇ ದಲಾಲಿ ಅಂಗಡಿಗಳಲ್ಲಿ ಬಿಳಿ ಗಾದಿ, ಬೆನ್ನಿಗೆ ಲೋಡು, ಮುಂದೆ ಇಳಿಜಾರಾದ ಸಣ್ಣ ಡೆಸ್ಕು ಇರುತ್ತಿದ್ದವು. ಲೋಡು ಟೊಂಕಕ್ಕೆ ಆಸರೆ. ಇಳಿಜಾರಿನ ಡೆಸ್ಕು ಪುಸ್ತಕವನ್ನು ಕಣ್ಣಿನ ಹತ್ತಿರ ತರುತ್ತಿತ್ತು. ಗುಮಾಸ್ತರು ಒಮ್ಮೆ ಚಕ್ಕಂಬಕ್ಕಳ, ಒಮ್ಮೆ ಒಂದು ಮೊಣಕಾಲು ಮೇಲೆ, ಒಮ್ಮೆ ಲೋಡಿಗೆ ಒರಗಿ, ನಡುನಡುವೆ ಎದ್ದು ಮಾಲು ನೋಡಲು ಹೊರಗೆ. ಒಂದೇ ಭಂಗಿಯಲ್ಲಿ ಯಾರೂ ಇರುತ್ತಿರಲಿಲ್ಲ. ಅದೇ ಲೆಕ್ಕ ಟ್ಯಾಲಿಗೆ ಬಂದ ಮೇಲೆ ಪ್ಲಾಸ್ಟಿಕ್ ಕುರ್ಚಿ ಬಂತು, ಲೋಡು ಹೋಯಿತು, ಏಳುವ ಕಾರಣಗಳೂ ಹೋದವು. ಹಾಗಂತ ಗಾದಿಗೆ ಹಿಂತಿರುಗಬೇಕು ಅಂತಲ್ಲ. ಆಸರೆ, ಎತ್ತರ, ಬದಲಾವಣೆ ಈ ಮೂರನ್ನು ನಮ್ಮ ಟೇಬಲ್ಲಿಗೆ ತಂದರೆ ಸಾಕು.

5. ಮನೆಯಲ್ಲಿರುವ ಸಾಮಾನಿನಲ್ಲೇ

ಇದಕ್ಕೆ ಇಪ್ಪತ್ತು ಸಾವಿರದ ಕುರ್ಚಿ ಬೇಕಿಲ್ಲ.

ಆಸರೆ: ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂರಿ. ಟೊಂಕದ ಒಳಬಾಗಿನ ಜಾಗದಲ್ಲಿ ಸುತ್ತಿದ ಟವೆಲ್ಲೋ ಹಳೇ ಕೌದಿಯ ತುಂಡೋ ಇಡಿ. ಆಮೇಲೆ ಧೈರ್ಯವಾಗಿ ಒರಗಿ.

ಪಾದ: ನೆಲಕ್ಕೆ ಪೂರ್ತಿ ಊರಬೇಕು. ಕಾಲು ಜೋತಾಡುತ್ತಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.

ಮೊಣಕೈ: ಹೆಚ್ಚುಕಡಿಮೆ ಲಂಬಕೋನದಲ್ಲಿ, ದೇಹಕ್ಕೆ ಹತ್ತಿರ. ಟೇಬಲ್ಲು ಎತ್ತರವಾಗಿ ಭುಜ ಮೇಲೇರಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿ, ಕಾಲಿಗೆ ಮಣೆ ಕೊಡಿ.

ಸ್ಕ್ರೀನು: ಒಂದು ತೋಳಿನಷ್ಟು ದೂರ. ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಅಕ್ಷರ ಕಾಣುತ್ತಿಲ್ಲ ಅಂತ ಮುಂದೆ ಬಗ್ಗುತ್ತಿದ್ದರೆ ಅಕ್ಷರ ದೊಡ್ಡದು ಮಾಡಿ, ಕಣ್ಣು ತೋರಿಸಿ.

ಲ್ಯಾಪ್‌ಟಾಪು: ಇದರಲ್ಲಿ ಸ್ಕ್ರೀನು, ಕೀಬೋರ್ಡು ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾದರೆ ಕುತ್ತಿಗೆಗೆ ತಪ್ಪು, ಕುತ್ತಿಗೆಗೆ ಸರಿಯಾದರೆ ಕೈಗೆ ತಪ್ಪು. ಪರಿಹಾರ ಸರಳ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೆ ಕೀಬೋರ್ಡ್, ಮೌಸ್ ಜೋಡಿಸಿ. ಕೆಲವು ಪಠ್ಯಪುಸ್ತಕಗಳು ಹೀಗಾದರೂ ಉಪಯೋಗಕ್ಕೆ ಬರುತ್ತವೆ.

ಹೊರಸು: ಕಾಲು ಚಾಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕುತ್ತಿಗೆ ಬಗ್ಗಿಸಿ ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇರೆ ದಾರಿ ಇಲ್ಲದಿದ್ದರೆ ಗೋಡೆಗೆ ದಿಂಬು ಕೊಟ್ಟು ಒರಗಿ, ಅರ್ಧ ತಾಸಿಗೊಮ್ಮೆ ಏಳಿ.

ಇಷ್ಟು ಮಾಡಿದ ಮೇಲೂ ಒಂದು ಎಚ್ಚರ. ಅತ್ಯುತ್ತಮ ಭಂಗಿಯೂ ನಾಲ್ಕು ತಾಸು ಹಾಗೇ ಇದ್ದರೆ ಕೆಟ್ಟ ಭಂಗಿಯೇ. ಅರ್ಧ ತಾಸಿಗೊಮ್ಮೆ ಎದ್ದು ಒಂದು ನಿಮಿಷ ನಡೆಯಿರಿ. ನೀರಿನ ಬಾಟಲಿ ಸಣ್ಣದಿಡಿ, ತುಂಬಿಸಲು ಎದ್ದು ಹೋಗಲೇಬೇಕಾಗುತ್ತದೆ. ಫೋನು ಬಂದರೆ ನಿಂತು ಮಾತಾಡಿ. ಪ್ರೋಗ್ರಾಮ್ ಕಂಪೈಲ್ ಆಗುವಾಗ ಸ್ಕ್ರೀನ್ ದಿಟ್ಟಿಸುವ ಬದಲು ಎದ್ದು ನಿಲ್ಲಿ, ನೀವು ನೋಡಿದ್ರೂ ಅದು ಬೇಗ ಆಗಲ್ಲ. ಬ್ಯಾಡಗಿ, ರಾಣೆಬೆನ್ನೂರಿನಿಂದ ಹಾವೇರಿಗೆ ಬರುವವರು ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಆಮೇಲೆ ಇಡೀ ದಿನ ಕೂರೋದು ಇದ್ದೇ ಇದೆ. ಬ್ಯಾಗು ಮಾತ್ರ ಎರಡೂ ಹೆಗಲಿಗೆ ಇರಲಿ.

6. ಬೆನ್ನಿಗೆ ಬಲ

ದಿನಕ್ಕೆ ಅರ್ಧ ತಾಸು ಚುರುಕಾದ ನಡಿಗೆ ಬೆನ್ನಿಗೆ ಒಳ್ಳೆಯ ಮದ್ದು. ಹೆಗ್ಗೇರಿ ಕೆರೆಯ ಕಡೆಗಾದರೂ ಸರಿ, ಕಾಲೇಜು ಮೈದಾನದಲ್ಲಾದರೂ ಸರಿ. ಜೊತೆಗೆ ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮ. ಚಾಪೆ ಒಂದಿದ್ದರೆ ಸಾಕು.

ಒಂದು: ಕೈ, ಮೊಣಕಾಲು ಊರಿ ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಟೊಂಕ ಅಲುಗಾಡಬಾರದು. ಹತ್ತು ಎಣಿಸಿ, ಇಳಿಸಿ, ಇನ್ನೊಂದು ಬದಿ.

ಎರಡು: ಮಗ್ಗುಲಾಗಿ ಮಲಗಿ, ಮೊಣಕೈ ಮತ್ತು ಮಡಿಸಿದ ಮೊಣಕಾಲಿನ ಮೇಲೆ ಸೊಂಟ ಎತ್ತಿ ಹಿಡಿಯಿರಿ. ಹತ್ತು ಎಣಿಸಿ, ಬದಿ ಬದಲಿಸಿ.

ಮೂರು: ಅಂಗಾತ ಮಲಗಿ, ಒಂದು ಮೊಣಕಾಲು ಮಡಿಸಿ, ಎರಡೂ ಅಂಗೈ ಟೊಂಕದ ಕೆಳಗೆ. ತಲೆ, ಭುಜ ನೆಲದಿಂದ ತುಸು ಮಾತ್ರ ಎತ್ತಿ ಹತ್ತು ಎಣಿಸಿ.

ಪ್ರತಿಯೊಂದೂ ಐದಾರು ಸಲ. ಮಾಡುವಾಗ ನೋವು ಕಾಲಿಗೆ ಇಳಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟರಿಗೆ ತೋರಿಸಿ.

7. ಹಿಡಿದುಕೊಂಡೇ ಬಿಟ್ಟರೆ

ಮೊದಲು ಒಂದು ಸಮಾಧಾನ. ಬೆನ್ನುನೋವಿನ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ "ಇದೇ ಕಾರಣ" ಅಂತ ಬೊಟ್ಟು ಮಾಡಿ ತೋರಿಸುವಂಥ ದೊಡ್ಡ ರೋಗ ಇರುವುದಿಲ್ಲ. ಥಟ್ಟನೆ ಹಿಡಿದ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಟೊಂಕಕ್ಕೆ ಒದಿಸಿಕೊಂಡರೆ ಬಿಡುತ್ತದೆ ಅನ್ನೋ ನಂಬಿಕೆ ಇವತ್ತಿಗೂ ಬದುಕಿರೋದು ಇದರಿಂದಲೇ. ಒದ್ದರೂ ಬಿಡುತ್ತದೆ, ಒದೆಯದಿದ್ದರೂ ಬಿಡುತ್ತದೆ. ಒದೆಯದಿದ್ದರೆ ಕ್ಷೇಮ.

"ಒಂದು ವಾರ ಅಲುಗಾಡಬ್ಯಾಡ, ಮಲಕೋ" ಅನ್ನೋ ಸಲಹೆ ಪ್ರೀತಿಯದು, ಆದರೆ ಸರಿ ಅಲ್ಲ. 1986ರಲ್ಲಿ ಅಮೆರಿಕದ ಡೇಯೋ ಮತ್ತು ಸಂಗಡಿಗರು ಬೆನ್ನುನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಹಾಸಿಗೆ ವಿಶ್ರಾಂತಿ ಹೇಳಿದರು. ಎರಡು ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಶೇ. 45ರಷ್ಟು ಕಡಿಮೆ. ಉಳಿದ ವಿಷಯದಲ್ಲಿ ಇಬ್ಬರೂ ಒಂದೇ. ಆದ್ದರಿಂದ ನೋವು ತಡೆಯುವಷ್ಟರ ಮಟ್ಟಿಗೆ ಮನೆಯೊಳಗಾದರೂ ನಡೆಯಿರಿ. ಬಿಸಿನೀರಿನ ಚೀಲ, ಉಪ್ಪಿನ ಗಂಟಿನ ಶಾಖ ಹಿತ ಕೊಡುತ್ತವೆ, ಚರ್ಮ ಸುಡದಿದ್ದರೆ ಸಾಕು. ನೋವಿನ ಗುಳಿಗೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಬೆಲ್ಟಿನ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಕೆಳಬೆನ್ನು ನೋವಿಗೆ ಮಾರ್ಗಸೂಚಿ ಕೊಟ್ಟಿತು. ಅದು ವ್ಯಾಯಾಮಕ್ಕೆ, ತಿಳುವಳಿಕೆಗೆ ಹೂಂ ಅನ್ನುತ್ತದೆ. ಬೆಲ್ಟಿಗೂ ಬೆನ್ನು ಎಳೆಯುವ ಟ್ರ್ಯಾಕ್ಷನ್ನಿಗೂ ಬೇಡ ಅನ್ನುತ್ತದೆ.

ಎಂಆರ್‌ಐ ಮಾಡಿಸಿ "ಡಿಸ್ಕ್ ಉಬ್ಬೈತಿ" ಅಂತ ಬರೆದಿದ್ದು ನೋಡಿ ಕೆಲಸವನ್ನೇ ಬಿಡಲು ಹೊರಟವರಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದ ಪ್ರಕಾರ ನೋವೇ ಇಲ್ಲದ ಇಪ್ಪತ್ತು ವರ್ಷದವರಲ್ಲೂ ಶೇ. 30ರಷ್ಟು ಮಂದಿಗೆ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಎಂಬತ್ತು ವರ್ಷದವರಲ್ಲಿ ಶೇ. 84. ಅಂದ್ರೆ ತಲೆಗೂದಲು ನರೆಯುವ ಹಾಗೆ ಡಿಸ್ಕೂ ಬದಲಾಗುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣ ಅಲ್ಲ. ವೈದ್ಯರು ಬೇಕು ಅಂದಾಗ ಸ್ಕ್ಯಾನ್ ಮಾಡಿಸಿ, ಹೆದರಿಕೆಗೆ ಬೇಡ.

8. ತಡ ಮಾಡಬಾರದ ಲಕ್ಷಣಗಳು

ಹತ್ತರಲ್ಲಿ ಉಳಿದ ಆ ಒಂದು ಯಾವುದು ಅಂತ ಗೊತ್ತಿರಬೇಕು.

ಮೂತ್ರ, ಮಲದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಬೆಳಗಿನವರೆಗೆ ಕಾಯಬಾರದು.

ಬೈಕಿನಿಂದ ಬಿದ್ದ ಮೇಲೆ ಶುರುವಾದ ನೋವನ್ನೂ ಕೂಡಲೇ ತೋರಿಸಬೇಕು.

ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಇದು ಅಪರೂಪ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಔಷಧಿ ಉಚಿತ, ಪೂರ್ತಿ ಅವಧಿ ತೆಗೆದುಕೊಂಡರೆ ಗುಣವಾಗುತ್ತದೆ.

ಬೆಳಿಗ್ಗೆ ಎದ್ದಾಗ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬೆನ್ನು ಸೆಡೆತು, ಓಡಾಡಿದರೆ ಸಡಿಲ, ಸುಮ್ಮನೆ ಕೂತರೆ ಮತ್ತೆ ಬಿಗಿ, ಹೀಗೆ ಮೂರು ತಿಂಗಳು ದಾಟಿದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಇದು ಸಾಮಾನ್ಯವಾಗಿ ಶುರುವಾಗುವುದು ನಮ್ಮ ವಯಸ್ಸಿನಲ್ಲೇ. "ಕಂಪ್ಯೂಟರ್ ಜಾಸ್ತಿ ಆತು" ಅಂತ ವರ್ಷಗಟ್ಟಲೆ ತಳ್ಳಿಹಾಕಿದರೆ ಬೆನ್ನು ಬಾಗಿದ ಹಾಗೇ ಗಟ್ಟಿಯಾಗಿಬಿಡಬಹುದು. ಬೇಗ ತೋರಿಸಿದರೆ ಒಳ್ಳೆಯ ಔಷಧಿಗಳಿವೆ.

ನಮ್ಮಲ್ಲಿ ಬಹಳ ಜನ ಮನೆತನದಲ್ಲೇ ಮೊದಲ ಬಾರಿಗೆ ಕೂತು ದುಡಿಯಲು ಹೊರಟವರು. ಅಪ್ಪ ಚೀಲ ಹೊತ್ತು ಫೀಸು ಕಟ್ಟಿರುವಾಗ, ಕುರ್ಚಿಯ ಮೇಲೆ ಕೂತವನು ಅವನ ಮುಂದೆ ಟೊಂಕ ನೋವು ಅನ್ನೋದು ಹೇಗೆ ಎಂಬ ನಾಚಿಕೆ ಇದ್ದೇ ಇರುತ್ತದೆ. ಆ ನಾಚಿಕೆಯಲ್ಲಿ ಮುಚ್ಚಿಟ್ಟ ನೋವೇ ಆಮೇಲೆ ದೊಡ್ಡದಾಗೋದು. ನೋವು ಸೋಮಾರಿತನದ ಗುರುತಲ್ಲ. ಮೇಲೆ ಹಾಕಿದ ಲೆಕ್ಕ ನೆರಳಲ್ಲಿ ಕೂತವನಿಗೂ ಒಂದೇ, ಬಿಸಿಲಲ್ಲಿ ಬಗ್ಗಿದವನಿಗೂ ಒಂದೇ.

ಮನೆಗೆಲಸ

ಒಂದು, ನಾಳೆ ಒಂದು ದಿನ ಎಷ್ಟು ತಾಸು ಕೂತಿರಿ, ನಡುವೆ ಎಷ್ಟು ಸಲ ಎದ್ದಿರಿ ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಹಾಕಿ. ಎರಡು, ಗೆಳೆಯನಿಂದ ನೀವು ಕೂತಿರುವ ಮಗ್ಗುಲ ಫೋಟೋ ತೆಗೆಸಿ, ನಿಮ್ಮದೇ ತೂಕ ಹಾಕಿ ಎರಡನೇ ಭಾಗದ ಲೆಕ್ಕ ಮಾಡಿ. ಮೂರು, ರಜೆಗೆ ಊರಿಗೆ ಹೋದಾಗ ನೆಲದ ಮೇಲೆ ಕೂತು, ಒಲೆಯ ಮುಂದೆ ಬಗ್ಗಿ ರೊಟ್ಟಿ ಬಡಿಯುವ ಅವ್ವನಿಗೂ ಇದೇ ಲೆಕ್ಕ ಹಾಕಿ. ಉತ್ತರ ಎಷ್ಟು ಕೆ.ಜಿ. ಬಂತು ಅಂತ ಅವಳಿಗೂ ಹೇಳಿ. ಆಮೇಲೆ ಒಲೆಯನ್ನು ಕಟ್ಟೆಯ ಮೇಲೆ ಎತ್ತಿಡೋದು ಹೇಗೆ ಅಂತ ಇಬ್ಬರೂ ಕೂಡಿ ನೋಡಿ.